ವೀರಗಲ್ಲುಗಳೂ ಪ್ರಾಚೀನರ ಸಮಾಧಿಗಳೂ

ಬೆಂಗಳೂರಿನ ಹೆಸರು ನಮಗೆ ದೊರೆತಿರುವ ಲಿಖಿತಗಳಲ್ಲಿ ಮೊಟ್ಟಮೊದಲು ಕಾಣಿಸಿಕೊಳ್ಳುವುದು ಯಾವ ಅರಸನ ಪಟ್ಟಾಭಿಷೇಕದ ಶಾಸನದಲ್ಲಿಯೂ ಅಲ್ಲ, ಯಾವ ಅಗ್ರಹಾರದ ದಾನಪತ್ರದಲ್ಲಿಯೂ ಅಲ್ಲ. ಕಾಳಗದಲ್ಲಿ ಮಡಿದವರಿಗಾಗಿ ನೆಟ್ಟ ಒಂದು ಕಲ್ಲಿನ ಮೇಲೆ. ಆ ಕಲ್ಲು ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿದೆ. ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಮನೆಮಾಡಿಕೊಂಡಿರುವ ನಮ್ಮಂಥ ಗೃಹಸ್ಥರಿಗೆ ಬೇಗೂರು ದೂರದ ಊರೇನೂ ಅಲ್ಲ, ಬಿ.ಟಿ.ಎಂ. ಬಡಾವಣೆಯಿಂದ ದಕ್ಷಿಣಕ್ಕೆ ಕೆಲವೇ ಮೈಲಿಗಳು. ಆದರೂ ಈಜಿಪ್ಟಿನ ಪಿರಮಿಡ್ಡುಗಳ ಎತ್ತರವನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲ ಹುಡುಗರು ಈ ಕಲ್ಲಿನ ವಿಷಯವನ್ನು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದವನಾದ ನಾನು ಇದಕ್ಕಾಗಿ ಹುಡುಗರನ್ನು ದೂರಲಾರೆ. ಪುಸ್ತಕದಲ್ಲಿ ಇದ್ದುದನ್ನು ಅವರು ಓದಿದರು, ಅಷ್ಟೆ.

ಗಂಗರಸರ ಕಾಲದಲ್ಲಿ ಬೇಗೂರಿಗೆ ಬೆಂಪೂರು ಎಂದು ಹೆಸರು. ಸುತ್ತಣ ಹನ್ನೆರಡು ಹಳ್ಳಿಗಳು ಕೂಡಿದ ಸೀಮೆಗೆ ಬೆಂಪೂರು ಹನ್ನೆರಡು ಎನ್ನುತ್ತಿದ್ದರು. ಅಲ್ಲಿ ಗಂಗರ ಕೈಕೆಳಗೆ ಅಧಿಕಾರ ನಡೆಸುತ್ತಿದ್ದವನು ನಾಗತ್ತರನೆಂಬ ನಾಯಕ. ಸುಮಾರು ಕ್ರಿ.ಶ. ೮೯೦ರ ಆ ಕಲ್ಲು, ನಾಗತ್ತರನ ಮನೆತನಕ್ಕೆ ಸೇರಿದವರು ಬೆಂಗಳೂರಿನ ಕಾಳಗದಲ್ಲಿ ಸತ್ತರೆಂದು ನಾಲ್ಕಾರು ಮಾತುಗಳಲ್ಲಿ ಹೇಳಿ ಮುಗಿಸುತ್ತದೆ. ಇದನ್ನು ಬೆಳಕಿಗೆ ತಂದವರು ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು. ವೀರಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ ಮುದುಕಿಯೊಬ್ಬಳ ಮನೆಯಲ್ಲಿ ಬೆಂದ ಕಾಳನ್ನು ತಿಂದನೆಂದೂ, ಅದರಿಂದ ಊರಿಗೆ ಬೆಂದಕಾಳೂರೆಂಬ ಹೆಸರು ಬಂದಿತೆಂದೂ ಹೇಳುವ ಕಥೆ ಎಲ್ಲರಿಗೂ ತಿಳಿದದ್ದೇ. ಆ ಬಲ್ಲಾಳನು ಪಟ್ಟಕ್ಕೆ ಬಂದದ್ದು ೧೧೭೩ರಲ್ಲಿ. ಕಲ್ಲು ಅವನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನದು. ಕಥೆಯನ್ನು ಮಕ್ಕಳಿಗೆ ಹೇಳಬಾರದೆಂದಲ್ಲ. ಕಥೆಯನ್ನು ಕಥೆಯೆಂದು ಹೇಳಿ, ಕಲ್ಲನ್ನು ತೋರಿಸಬೇಕು.

ನಾಗತ್ತರನ ಗತಿಯೂ ಕಾಳಗದಲ್ಲಿಯೇ ಆಯಿತು. ಗಂಗರಸನಾದ ಎರೆಯಪ್ಪನು ನೊಳಂಬರ ಅಯ್ಯಪದೇವನಿಗೆ ಸಹಾಯವಾಗಿ ಇವನನ್ನು ಸೈನ್ಯಸಮೇತ ಕಳುಹಿಸಿದನು. ಬೀರಮಹೇಂದ್ರನೆಂಬುವನೊಡನೆ ತುಂಬೆಪಾಡಿಯಲ್ಲಿ ಯುದ್ಧವಾಯಿತು. ತನ್ನ ಪಡೆ ಒಡೆದುಹೋದುದನ್ನು ಕಂಡು ನಾಗತ್ತರನು ಆನೆಗಳ ಮೇಲೆ ಏರಿಹೋಗಿ ಇರಿದು ಸತ್ತನು. ಎರೆಯಪ್ಪನು ಈ ವಾರ್ತೆಯನ್ನು ಕೇಳಿ, ಇರುಗನೆಂಬುವನಿಗೆ ನಾಗತ್ತರನೆಂಬ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನೂ ಕೊಟ್ಟನು. ಈ ಸಂಗತಿಯನ್ನು ಕೆತ್ತಿದ ದೊಡ್ಡ ಕಲ್ಲು ಬೇಗೂರಿನಿಂದ ತರಲ್ಪಟ್ಟು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ. ಆನೆ, ಕುದುರೆ, ಕಾಲಾಳುಗಳು ಒಂದರೊಳಗೊಂದು ಹೆಣೆದುಕೊಂಡಿರುವ ಆ ಶಿಲ್ಪದ ಮುಂದೆ ಅರ್ಧ ಗಂಟೆ ನಿಂತರೂ ಕಣ್ಣು ದಣಿಯದು. ಇದೇ ನಾಗತ್ತರನ ಮಗಳು ತೊಂಡಬ್ಬೆ ಜೈನವ್ರತವನ್ನು ಹಿಡಿದು ದೇಹತ್ಯಾಗ ಮಾಡಿದಳೆಂದು ಬೇಗೂರಿನ ಮತ್ತೊಂದು ಶಾಸನವು ಹೇಳುತ್ತದೆ. ತಂದೆ ರಣದಲ್ಲಿ, ಮಗಳು ಉಪವಾಸದಲ್ಲಿ. ಒಂದೇ ಮನೆಯ ಎರಡು ಬಗೆಯ ಮರಣಗಳು ಒಂದೇ ಊರಿನ ಕಲ್ಲುಗಳಲ್ಲಿ ಉಳಿದಿವೆ.

ವೀರಗಲ್ಲನ್ನು ಗುರುತಿಸುವುದು ಕಷ್ಟವಲ್ಲ. ಸಾಧಾರಣವಾಗಿ ಅದರ ಮುಖವನ್ನು ಅಡ್ಡಪಟ್ಟಿಗಳಿಂದ ಮೂರು ಅಂಕಣಗಳಾಗಿ ವಿಭಾಗಿಸಿರುತ್ತಾರೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದತಕ್ಕದ್ದು. ಕೆಳಗಿನ ಅಂಕಣದಲ್ಲಿ ವೀರನು ಬಿಲ್ಲನ್ನೋ ಕತ್ತಿಯನ್ನೋ ಹಿಡಿದು ಕಾದುತ್ತಿರುವನು. ನಡುವಣ ಅಂಕಣದಲ್ಲಿ ಅಪ್ಸರೆಯರು ಅವನ ಎರಡು ತೋಳುಗಳನ್ನೂ ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿರುವರು. ಎಲ್ಲಕ್ಕೂ ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತಿರುವನು. ಜೈನನಾದರೆ ಜಿನಬಿಂಬದ ಮುಂದೆ. ತುದಿಯಲ್ಲಿ ಸೂರ್ಯಚಂದ್ರರು. ಅವರಿರುವವರೆಗೆ ಕೀರ್ತಿಯೂ, ಕೊಟ್ಟ ದಾನವೂ ಇರಲಿ ಎಂದು ಅದರ ಭಾವ. ಗೆದ್ದರೆ ಸಂಪತ್ತು, ಸತ್ತರೆ ಸುರಾಂಗನೆಯರು, ಕ್ಷಣಭಂಗುರವಾದ ಈ ದೇಹಕ್ಕೆ ರಣದಲ್ಲಿ ಮರಣವಾದರೆ ಚಿಂತೆಯೇನು ಎಂಬ ಅರ್ಥದ ಸಂಸ್ಕೃತಶ್ಲೋಕವೊಂದನ್ನು ಎಷ್ಟೋ ವೀರಗಲ್ಲುಗಳ ಮೇಲೆ ಕೆತ್ತಿದ್ದಾರೆ. ಶ್ಲೋಕ ತಪ್ಪಿಲ್ಲದೆ ಇರುವುದು ಅಪರೂಪ. ಕಂಡರಿಸಿದವನು ವ್ಯಾಕರಣ ಓದಿದವನಲ್ಲವಷ್ಟೆ!

ಇವರು ಯಾವ ಯಾವ ಕಾರಣಕ್ಕೆ ಸತ್ತರು? ದೊಡ್ಡ ದೊಡ್ಡ ರಾಜ್ಯಗಳ ಯುದ್ಧಗಳಲ್ಲಿ ಮಡಿದವರು ಉಂಟು. ಆದರೆ ಕಲ್ಲುಗಳನ್ನು ಒಂದೊಂದಾಗಿ ಓದುತ್ತ ಹೋದರೆ ಹೆಚ್ಚಾಗಿ ಕಾಣುವುದು ಹಳ್ಳಿಯ ಸಂಕಟಗಳು. ನೆರೆಸೀಮೆಯವರು ಬಂದು ದನಗಳನ್ನು ಹೊಡೆದುಕೊಂಡು ಹೋಗುತ್ತಿರಲು ಬೆನ್ನಟ್ಟಿ ತುರುಗಳನ್ನು ಮರಳಿಸಿ ಸತ್ತವನು, ಊರಿಗೆ ಮುತ್ತಿಗೆಯಾದಾಗ ಊರಳಿವಿನಲ್ಲಿ ಬಿದ್ದವನು, ಹೆಂಗಸರ ಮಾನಕ್ಕೆ ಕೇಡು ಬಂದಾಗ, ಶಾಸನಗಳ ಮಾತಿನಲ್ಲಿ ಪೆಣ್ಬುಯ್ಯಲಿನಲ್ಲಿ, ಅಡ್ಡ ನಿಂತವನು, ಹುಲಿಯೊಡನೆ ಹೋರಾಡಿದವನು. ಇವರಲ್ಲಿ ಬಹುಮಂದಿಯ ಹೆಸರು ಬೇರೆ ಯಾವ ಪುಸ್ತಕದಲ್ಲಿಯೂ ಇಲ್ಲ. ಹಸುಗಳಿಗಾಗಿ ಪ್ರಾಣ ಕೊಡುವುದೆಂದರೆ ಈಗ ನಮಗೆ ಸೋಜಿಗವೆನಿಸಬಹುದು. ದನವೇ ಧನವಾಗಿದ್ದ ಕಾಲದಲ್ಲಿ ಒಂದು ಮಂದೆ ಹೋಯಿತೆಂದರೆ ಊರಿನ ಮಕ್ಕಳ ಹಾಲೂ ಮುಂದಿನ ವರ್ಷದ ಉಳುಮೆಯೂ ಒಟ್ಟಿಗೆ ಹೋದಂತೆ.

ಇನ್ನೊಂದು ಮುಖ್ಯ ವಿಷಯವನ್ನು ಗೃಹಸ್ಥರಾದವರು ಗಮನಿಸಬೇಕು. ಸತ್ತವನ ಹೆಂಡತಿಮಕ್ಕಳ ಪಾಡೇನು? ಕಲ್ಲುಗಳು ಇದಕ್ಕೂ ಉತ್ತರ ಕೊಡುತ್ತವೆ. ವೀರನ ಕುಟುಂಬಕ್ಕೆ ಭೂಮಿಯನ್ನು ಬಿಟ್ಟುಕೊಡುವುದು ರೂಢಿಯಾಗಿತ್ತು. ಆ ದಾನಗಳಿಗೆ ಕಲ್ನಾಟು, ಬಾಳ್ಗಳ್ಚು ಎಂಬ ಹೆಸರುಗಳಿವೆ. ಬಾಳ್ಗಳ್ಚೆಂದರೆ ಕತ್ತಿಯನ್ನು ತೊಳೆಯುವುದು. ನೆತ್ತರುಗೊಡಗೆ ಎಂಬ ಹೆಸರಂತೂ ವ್ಯಾಖ್ಯಾನವನ್ನೇ ಬೇಡುವುದಿಲ್ಲ. ದಾನವನ್ನು ಅಳಿದವನಿಗೆ ಪಂಚಮಹಾಪಾತಕವೆಂದು ಶಾಪವನ್ನೂ ಕೆತ್ತುತ್ತಿದ್ದರು. ಆದ್ದರಿಂದ ಇಂಥ ಕಲ್ಲು ಬರಿಯ ಹೊಗಳಿಕೆಯ ಕಲ್ಲಲ್ಲ. ಅನಾಥರಾದ ಹೆಂಡತಿಮಕ್ಕಳ ಪಾಲಿಗೆ ಹೊಲದ ಪಟ್ಟೆಯೂ ಅದೇ, ಸಾಕ್ಷಿಯೂ ಅದೇ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರದೇಶಗಳ ಕಡೆ ಒಮ್ಮೆ ಕಣ್ಣು ಹಾಯಿಸೋಣ. ಈಜಿಪ್ಟಿನ ಖೂಫು ದೊರೆಯ ಪಿರಮಿಡ್ಡು ಕಟ್ಟಿದಾಗ ಸುಮಾರು ೧೪೬ ಮೀಟರು ಎತ್ತರವಾಗಿತ್ತು. ಈಗ್ಗೆ ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನ ಮಾತು. ೧೯೨೨ರಲ್ಲಿ ಹೋವರ್ಡ್ ಕಾರ್ಟರ್ ಎಂಬುವರು ಕಂಡುಹಿಡಿದ ತುತಂಖಾಮನನ ಗೋರಿಯಲ್ಲಿ ರಥ, ಮಂಚ, ಆಹಾರ, ಆಭರಣಗಳಲ್ಲದೆ, ಪರಲೋಕದಲ್ಲಿ ಅರಸನಿಗೆ ಬದಲಾಗಿ ಗೇಯ್ಮೆ ಮಾಡಲೆಂದು ನೂರಾರು ಪುಟ್ಟ ಬೊಂಬೆಗಳೂ ಇದ್ದುವು. ಚೀನಾದೇಶದ ಮೊದಲನೆಯ ಚಕ್ರವರ್ತಿ ಕ್ರಿ.ಪೂ. ೨೧೦ರಲ್ಲಿ ತೀರಿಕೊಂಡನು; ಅವನ ಸಮಾಧಿಯ ಕಾವಲಿಗಾಗಿ ಹೂತಿದ್ದ ಸುಟ್ಟಮಣ್ಣಿನ ಸಾವಿರಾರು ಸೈನಿಕರನ್ನು ೧೯೭೪ರಲ್ಲಿ ಬಾವಿ ತೋಡುತ್ತಿದ್ದ ರೈತರು ಕಂಡರು. ಒಬ್ಬೊಬ್ಬ ಸೈನಿಕನ ಮುಖವೂ ಬೇರೆ ಬೇರೆ. ಇವೆಲ್ಲ ಅದ್ಭುತಗಳೇ ಸರಿ. ಆದರೆ ಇವುಗಳಲ್ಲಿ ಸಾವಿರಾರು ಜನರು ಒಬ್ಬನ ಸಾವಿಗಾಗಿ ದುಡಿದಿದ್ದಾರೆ. ನಮ್ಮ ವೀರಗಲ್ಲಿನಲ್ಲಿ ಒಬ್ಬನು ಊರಿನ ಜನರಿಗಾಗಿ ಸತ್ತಿದ್ದಾನೆ. ಊರು ಅವನಿಗೆ ಒಂದು ಕಲ್ಲನ್ನು ನಿಲ್ಲಿಸಿದೆ. ಯಾವುದು ದೊಡ್ಡ ಸ್ಮಾರಕವೆಂಬ ವಿಷಯದಲ್ಲಿ ನನಗಂತೂ ಸಂದೇಹವಿಲ್ಲ.

ಊರ ಜನರಷ್ಟೇ ಏಕೆ, ನಾಯಿಗೂ ಒಂದು ಕಲ್ಲುಂಟು! ಮಂಡ್ಯದ ಸೀಮೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಈ ಶಿಲೆಯು ಕ್ರಿ.ಶ. ೯೪೯-೫೦ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಆಳಾದ ಮಣಲೇರನ ಶೌರ್ಯಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದನು. ಮಣಲೇರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿಯೆಂಬ ಬೇಟೆನಾಯನ್ನು ಕೇಳಿ ಪಡೆದನು. ಆ ಕಾಳಿಯು ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು; ಎರಡೂ ಸತ್ತುವು. ಮಣಲೇರನು ಆತಕೂರಿನ ಚಲ್ಲೇಶ್ವರ ದೇವರ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟನು. ಗುಡಿಯ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನನ್ನು ತಟ್ಟಲಿ ಎಂದು ಕಟ್ಟಳೆಯನ್ನೂ ಬರೆಯಿಸಿದನು. ತಕ್ಕೋಲದಂಥ ಮಹಾಯುದ್ಧದ ಪ್ರಮಾಣವು ಇತಿಹಾಸಕಾರರಿಗೆ ಸಿಕ್ಕಿರುವುದು ಈ ನಾಯಿಯ ಕಲ್ಲಿನಲ್ಲಿಯೂ ಎಂಬುದು ತಮಾಷೆಯಾಗಿದೆ. ಸ್ವರ್ಗದ ಬಾಗಿಲಿನಲ್ಲಿ ನಾಯಿಯನ್ನು ಬಿಟ್ಟುಬರಲೊಲ್ಲದ ಧರ್ಮರಾಯನ ಕಥೆಯನ್ನು ಕೇಳಿ ಬೆಳೆದವರ ನಾಡಿನಲ್ಲಿ ಇಂಥ ಕಲ್ಲು ನಿಂತದ್ದರಲ್ಲಿ ಆಶ್ಚರ್ಯವೇನು?

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ನಮ್ಮಲ್ಲಿ ಶವವನ್ನು ದಹನಮಾಡಿ ಅಸ್ಥಿಯನ್ನು ನೀರಿಗೆ ಬಿಡುತ್ತೇವೆ. ಹಾಗಿರಲು ಈ ಕಲ್ಲುಗಳೇಕೆ? ಉತ್ತರವೇನೆಂದರೆ, ವೀರಗಲ್ಲು ಗೋರಿಯಲ್ಲ. ಅದರ ಕೆಳಗೆ ಶವವನ್ನು ಹುಡುಕಬೇಕಾದದ್ದಿಲ್ಲ. ಅದು ಹೆಸರಿನ ಕಲ್ಲು. ಮೃತರ ಮೂರ್ತಿಗಳನ್ನು ನಿಲ್ಲಿಸುವ ಪದ್ಧತಿ ಪ್ರಾಚೀನ ಭಾರತದಲ್ಲಿ ಇದ್ದುದಕ್ಕೆ ಭಾಸನದೆಂದು ಹೇಳುವ ‘ಪ್ರತಿಮಾನಾಟಕ’ವೇ ಸಾಕ್ಷಿ. ಸೋದರಮಾವನ ಮನೆಯಿಂದ ಹಿಂತಿರುಗುತ್ತಿರುವ ಭರತನು ಅಯೋಧ್ಯೆಯ ಹೊರಗೆ ಒಂದು ಪ್ರತಿಮಾಗೃಹವನ್ನು ಹೊಕ್ಕು ತನ್ನ ಪೂರ್ವಜರ ಮೂರ್ತಿಗಳನ್ನು ನೋಡುತ್ತಾನೆ. ಕೊನೆಯಲ್ಲಿ ದಶರಥನ ಮೂರ್ತಿ. ಬದುಕಿರುವವರಿಗೂ ಇಲ್ಲಿ ಪ್ರತಿಮೆಯನ್ನಿಡುವರೇ ಎಂದು ಕೇಳುತ್ತಾನೆ, ಕಾವಲಿನವನು ಇಲ್ಲವೆನ್ನುತ್ತಾನೆ. ತಂದೆ ಸತ್ತ ಸುದ್ದಿ ಮಗನಿಗೆ ತಿಳಿದುಬಂದದ್ದು ಹೀಗೆ. ಕಲ್ಲು ಬಾಯಿಬಿಟ್ಟು ಹೇಳುವ ಇಂಥ ಮತ್ತೊಂದು ಸನ್ನಿವೇಶವನ್ನು ನಾನು ಸಂಸ್ಕೃತದಲ್ಲಿ ಓದಿಲ್ಲ.

ಹೂಳುವ ಪದ್ಧತಿಯೂ ನಮ್ಮ ನೆಲಕ್ಕೆ ಹೊಸದಲ್ಲ. ಶತಪಥಬ್ರಾಹ್ಮಣದ ಹದಿಮೂರನೆಯ ಕಾಂಡದಲ್ಲಿ ಅಸ್ಥಿಗಳ ಮೇಲೆ ದಿಬ್ಬವನ್ನು ಕಟ್ಟುವ ವಿಧಿಯಿದೆ. ದೈವೀಪ್ರಜೆಗಳದು ಚತುಷ್ಕೋಣವೆಂದೂ, ಆಸುರರೂ ಪೂರ್ವದೇಶದವರೂ ಮಾಡುವುದು ವರ್ತುಲವೆಂದೂ ಅಲ್ಲಿ ಭೇದವನ್ನು ಹೇಳಿದೆ. ಕನ್ನಡನಾಡಿನಲ್ಲಿಯಾದರೋ, ಗಂಗಾವತಿಯ ಕಡೆಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಕಲ್ಲುಚಪ್ಪಡಿಗಳಿಂದ ಕಟ್ಟಿದ ನಾನೂರರಷ್ಟು ಶಿಲಾಸಮಾಧಿಗಳಿವೆ. ಎರಡು ಸಾವಿರ ವರ್ಷಗಳಿಗಿಂತಲೂ ಹಳೆಯವು. ಕೆಲವಕ್ಕೆ ಒಂದು ಪಕ್ಕದ ಚಪ್ಪಡಿಯಲ್ಲಿ ಗುಂಡಾದ ಕಂಡಿಯುಂಟು. ಸುತ್ತಣವರು ಅವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಗಿಡ್ಡಜನರು ಅಲ್ಲಿ ವಾಸಮಾಡಿದ್ದರೆಂದು ನಂಬಿಕೆ. ಬ್ರಹ್ಮಗಿರಿಯ ಇಂಥ ಸಮಾಧಿಗಳನ್ನು ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಎಂಬುವರು ಅಗೆದು ನೋಡಿದರು. ನಮಗೆ ಹತ್ತಿರದ ಸಾವನದುರ್ಗದ ತಪ್ಪಲಿನಲ್ಲಿಯೂ ಇವೆ. ಬ್ರಾನ್ಫಿಲ್ ಎಂಬ ಸೈನ್ಯಾಧಿಕಾರಿ ಆ ವಿಷಯವನ್ನು ೧೮೮೧ರಲ್ಲಿಯೇ ಬರೆದು ಪ್ರಕಟಿಸಿದ್ದಾನೆ. ನಿಧಿಯ ಆಸೆಯಿಂದ ಇವುಗಳನ್ನು ಕಿತ್ತುಹಾಕಿದವರಿಗೆ ಸಿಕ್ಕುವುದು ಮಡಕೆಚೂರು, ತುಕ್ಕುಹಿಡಿದ ಕಬ್ಬಿಣ, ಮೂಳೆ ಇಷ್ಟೇ.

ಹೆಂಗಸರ ಕಲ್ಲುಗಳ ವಿಷಯವನ್ನು ಬರೆಯುವಾಗ ಲೇಖನಿ ಭಾರವಾಗುತ್ತದೆ. ಮಾಸ್ತಿಗಲ್ಲು ಎಂದರೆ ಮಹಾಸತಿಯ ಕಲ್ಲು. ಕಂಬವೊಂದರಿಂದ ಹೊರಟಂತೆ ಮೊಳಕೈಯವರೆಗೆ ಮಡಿಸಿ ಮೇಲೆತ್ತಿದ ಒಂದು ತೋಳು, ಕೈತುಂಬ ಬಳೆ, ಬೆರಳುಗಳ ಸಂದಿನಲ್ಲಿ ನಿಂಬೆಹಣ್ಣು. ಬಳೆಗಳು ಒಡೆದಿಲ್ಲವೆಂಬುದೇ ಮುಖ್ಯ. ಅವಳು ವಿಧವೆಯಾಗಲಿಲ್ಲವೆಂದು ಅದರ ಸೂಚನೆ. ಹೆಗ್ಗಡದೇವನಕೋಟೆಯ ಕಡೆಯ ಬೆಳತೂರಿನಲ್ಲಿ ಕ್ರಿ.ಶ. ೧೦೫೭ರ ಶಾಸನವೊಂದಿದೆ. ದೇಕಬ್ಬೆಯೆಂಬವಳ ಗಂಡ ಏಚನು ಮಲ್ಲಯುದ್ಧದಲ್ಲಿ ದಾಯಾದಿಯೊಬ್ಬನನ್ನು ಕೊಂದನೆಂದು ಚೋಳರಸನ ಅಪ್ಪಣೆಯಂತೆ ಅವನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದರು. ದೇಕಬ್ಬೆ ಬೆಂಕಿಯನ್ನು ಹೋಗಲು ಸಿದ್ಧಳಾದಳು. ಹೆತ್ತವರೂ ನಂಟರೂ ಬೇಡವೆಂದು ಅಂಗಲಾಚಿದರು; ಅವಳು ಕೇಳಲಿಲ್ಲ. ಕಲ್ಲನ್ನು ನಿಲ್ಲಿಸಿದವನು ಅವಳ ತಂದೆ ರವಿಗ. ಶಾಸನದ ಕವಿ ಅವಳ ಸಾಹಸವನ್ನು ಕೊಂಡಾಡಿದ್ದಾನೆ. ನಾನು ಓದಿದಾಗಲೆಲ್ಲ ನನ್ನ ಮನಸ್ಸು ಆ ತಂದೆಯ ಕಡೆಗೆ ಹೋಗುತ್ತದೆ.

ಹೊರನಾಡುಗಳಲ್ಲಿಯೂ ಇದು ಇಲ್ಲದಿಲ್ಲ. ಇರಾಕಿನ ಊರ್ ಪಟ್ಟಣದ ರಾಜಸಮಾಧಿಗಳನ್ನು ೧೯೨೨ರಿಂದ ೧೯೩೪ರವರೆಗೆ ಅಗೆದ ಲಿಯೊನಾರ್ಡ್ ವೂಲಿಯವರು ಒಂದು ಹೊಂಡದಲ್ಲಿ ೭೪ ಮಂದಿಯ ಅಸ್ಥಿಗಳನ್ನು ಕಂಡರು. ಅವರಲ್ಲಿ ೬೮ ಮಂದಿ ಹೆಂಗಸರು. ಒಡೆಯರ ಸಂಗಡ ಹೋದ ಪರಿವಾರವದು. ಹೆಂಗಸರ ತಲೆಗಳಲ್ಲಿ ಚಿನ್ನದ್ದೋ ಬೆಳ್ಳಿಯದೋ ಪಟ್ಟಿಗಳು. ಒಬ್ಬಳ ಬೆಳ್ಳಿಪಟ್ಟಿ ಮಾತ್ರ ಸುರುಳಿಯಾಗಿಯೇ ಸೊಂಟದ ಬಳಿಯಲ್ಲಿತ್ತು. ಆ ದಿನ ಅವಳು ತಡವಾಗಿ ಬಂದಿರಬೇಕು, ಕಟ್ಟಿಕೊಳ್ಳಲು ಹೊತ್ತಾಗಿರಲಿಲ್ಲ ಎಂದು ವೂಲಿಯವರ ಊಹೆ. ಇದಕ್ಕೆ ಪ್ರತಿಯಾಗಿ ಅಥೆನ್ಸಿನ ಒಂದು ಸಮಾಧಿಶಿಲೆಯನ್ನು ನೆನೆಯಬೇಕು, ಕ್ರಿ.ಪೂ. ೪೦೦ಕ್ಕೆ ತುಸು ಹಿಂದಿನದು. ಹೆಗೆಸೋ ಎಂಬ ಗೃಹಿಣಿ ಕುರ್ಚಿಯ ಮೇಲೆ ಕುಳಿತು, ದಾಸಿ ಹಿಡಿದಿರುವ ಪೆಟ್ಟಿಗೆಯಿಂದ ಒಂದು ಒಡವೆಯನ್ನು ಆರಿಸಿಕೊಳ್ಳುತ್ತಿದ್ದಾಳೆ. ಬೆಂಕಿಯಿಲ್ಲ, ಸ್ವರ್ಗವಿಲ್ಲ, ಮನೆಯ ಒಂದು ಬೆಳಗು ಮಾತ್ರ. ಹೀಗೂ ನೆನೆಯಬಹುದಾಗಿತ್ತು.

ಸಹಗಮನವು ವೇದಸಮ್ಮತವೆಂದು ವಾದಿಸಿದವರು ಹಿಂದೆ ಇದ್ದರು. ಋಗ್ವೇದದ ಹತ್ತನೆಯ ಮಂಡಲದ ಹದಿನೆಂಟನೆಯ ಸೂಕ್ತವನ್ನು ತೆರೆದು ನೋಡಬೇಕು. ಗತಿಸಿದ ಪತಿಯ ಪಕ್ಕದಲ್ಲಿ ಮಲಗಿದವಳನ್ನು, ಏಳು, ಜೀವಲೋಕಕ್ಕೆ ಬಾ ಎಂದು ಅಲ್ಲಿ ಕರೆಯಲಾಗಿದೆ. ಅದೇ ಸೂಕ್ತದಲ್ಲಿ ಬದುಕಿರುವವರಿಗೂ ಮೃತ್ಯುವಿಗೂ ನಡುವೆ ಒಂದು ಶಿಲೆಯನ್ನು ಎಲ್ಲೆಯಾಗಿ ಇಡುತ್ತಾರೆ. ಇಲ್ಲಿಂದ ಈಚೆ ಮರಣ ಬಾರದಿರಲಿ ಎಂದು ಅದರ ಉದ್ದೇಶ. ಕಲ್ಲಿನ ಮೂಲಪ್ರಯೋಜನ ಬದುಕಿರುವವರನ್ನು ಉಳಿಸುವುದಾಗಿತ್ತು. ಮಾಸ್ತಿಗಲ್ಲಿನ ಕಾಲಕ್ಕೆ ಅದು ತಲೆಕೆಳಗಾಯಿತು. ೧೮೨೯ರಲ್ಲಿ ಬಂಗಾಳದಲ್ಲಿ ಬೆಂಟಿಂಕನು ಈ ಪದ್ಧತಿಯನ್ನು ನಿಷೇಧಿಸಿದ್ದು ಶಾಸ್ತ್ರಕ್ಕೆ ವಿರೋಧವಾಯಿತೆಂದು ನಾನಂತೂ ಹೇಳಲಾರೆ. ಆದರೂ ಕಲ್ಲನ್ನು ಒಡೆಯತಕ್ಕದ್ದಲ್ಲ. ಅವಳಿದ್ದಳೆಂಬುದಕ್ಕೆ ಉಳಿದಿರುವುದು ಅದೊಂದೇ.

ಜೈನರ ನಿಷಿಧಿಗಳನ್ನು ನೋಡಬೇಕಾದರೆ ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಬೇಕು. ಗೊಮ್ಮಟನ ದರ್ಶನಕ್ಕೆ ಹೋದವರು ಬಹುಮಂದಿ ಇದನ್ನು ಹತ್ತದೆಯೇ ಹಿಂತಿರುಗುತ್ತಾರೆ. ಏಳನೆಯ ಶತಮಾನದಿಂದ ಮೊದಲುಗೊಂಡು ಸಲ್ಲೇಖನದಿಂದ ದೇಹಬಿಟ್ಟ ಮುನಿಗಳ ಹೆಸರುಗಳು ಅಲ್ಲಿ ಬಂಡೆಯ ಮೇಲೆಯೇ ಇವೆ. ಗಂಗರ ಮಾರಸಿಂಹನೂ ರಾಷ್ಟ್ರಕೂಟರ ಕೊನೆಯ ಇಂದ್ರನೂ ರಾಜ್ಯವನ್ನು ಆಳಿ ಕಡೆಗೆ ಇದೇ ವ್ರತವನ್ನು ಹಿಡಿದರು. ಇಂದ್ರನು ೯೮೨ರಲ್ಲಿ ಬೆಳಗೊಳದಲ್ಲಿಯೇ ತೀರಿಕೊಂಡನು. ವಿಜಾಪುರದ ಗೋಲಗುಮ್ಮಟ, ಶ್ರೀರಂಗಪಟ್ಟಣದ ಗುಂಬಜು ಇವುಗಳ ಮಾತು ಬೇರೆ. ಅವು ನಿಜವಾದ ಗೋರಿಗಳು, ಕಾಲವೂ ಈಚಿನದು.

ಮತ್ತೆ ನಮ್ಮ ಬೀದಿಗಳಿಗೆ ಬರೋಣ. ಜಯನಗರಕ್ಕೆ ಅಸ್ತಿಭಾರ ಬಿದ್ದದ್ದು ೧೯೪೮ರಲ್ಲಿ. ಆಗ ಇವೆಲ್ಲ ಹಳ್ಳಿ, ಕೆರೆ, ತೋಟಗಳು. ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ಕತ್ರಿಗುಪ್ಪೆ ಎಂಬ ಹೆಸರುಗಳು ಈಗಲೂ ಬಸ್ಸುಗಳ ಹಲಗೆಯ ಮೇಲಿವೆ. ಬಿ.ಟಿ.ಎಂ. ಎಂಬ ಮೂರಕ್ಷರಗಳಾದರೂ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳೇ. ಹಳ್ಳಿಯಿದ್ದ ಕಡೆ ಕೆರೆಯೇರಿಯ ಮೇಲೋ ಮಾರಮ್ಮನ ಗುಡಿಯ ಮಗ್ಗುಲಲ್ಲೋ ಸತ್ತವರ ಕಲ್ಲೊಂದು ಇರುವುದು ವಾಡಿಕೆ. ಕೋರಮಂಗಲದಲ್ಲಿ ಕೆಂಪೇಗೌಡರ ಸೊಸೆ ಲಕ್ಷ್ಮಮ್ಮನ ಸಮಾಧಿಯನ್ನು ಜನ ಈಗಲೂ ಪೂಜಿಸುತ್ತಾರೆ. ಕಟ್ಟಿದಷ್ಟೂ ಬೀಳುತ್ತಿದ್ದ ಕೋಟೆಯ ಬಾಗಿಲು ನಿಲ್ಲಲೆಂದು ತುಂಬುಗರ್ಭಿಣಿಯಾದ ಅವಳು ತನ್ನನ್ನು ಬಲಿಗೊಟ್ಟಳೆಂದು ಐತಿಹ್ಯ. ಪೂಜೆಯಿದ್ದುದರಿಂದ ಆ ಸ್ಥಳ ಉಳಿಯಿತು. ಪೂಜೆಯಿಲ್ಲದ ಕಲ್ಲುಗಳ ಗತಿಯೇನು? ಬಿ.ಎಲ್. ರೈಸ್ ಎಂಬುವರು ಬೆಂಗಳೂರು ಸೀಮೆಯ ಶಾಸನಗಳನ್ನೆಲ್ಲ ಸಂಗ್ರಹಿಸಿ ೧೯೦೫ರಲ್ಲಿ ಅಚ್ಚುಹಾಕಿಸಿದರು. ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ಹೊರಟರೆ ಎಷ್ಟೋ ಕಡೆ ಕಲ್ಲಿನ ಸ್ಥಾನದಲ್ಲಿ ಮಳಿಗೆಯೋ ಮನೆಯೋ ನಿಂತಿದೆ. ಬಟ್ಟೆ ಒಗೆಯುವ ಬಂಡೆಯಾದುವು ಕೆಲವು, ಚರಂಡಿಗೆ ಹಾಸಾದುವು ಕೆಲವು. ಅಕ್ಷರ ತಿಳಿಯದವರು ಹೀಗೆ ಮಾಡಿದರೆ ಕ್ಷಮಿಸಬಹುದು; ಅಕ್ಷರ ಬಲ್ಲವರೇ ತಳಪಾಯಕ್ಕೆ ಹಾಕಿಸಿಬಿಟ್ಟರೆ ಏನೆನ್ನೋಣ?

ಎಲ್ಲವೂ ಹೋಗಿಲ್ಲ. ೨೦೧೮ರಲ್ಲಿ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. ೭೫೦ರ ವೀರಗಲ್ಲೊಂದು ಬೆಳಕಿಗೆ ಬಂದಿತು. ಗಂಗರ ಶ್ರೀಪುರುಷನ ಕಾಲದಲ್ಲಿ ರಾಷ್ಟ್ರಕೂಟರ ಸೈನ್ಯವು ಏರಿಬಂದಾಗ ಕಾದಿ ಸತ್ತ ಕಿತ್ತಯ್ಯನ ಕಲ್ಲದು. ಊರ ಹೆಸರು ಅಲ್ಲಿ ಪೆರ್ಬೊಳಲ್ ಎಂದಿದೆ. ಸುತ್ತಮುತ್ತಲಿನವರು ಹಣ ಕೂಡಿಸಿ ಅದಕ್ಕೊಂದು ಮಂಟಪವನ್ನು ಕಟ್ಟಿಸಿದರು. ೧೯೦೯ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯವರು ೨೦೨೧ರಿಂದ ಈಚೆಗೆ ಬೆಂಗಳೂರಿನ ಶಿಲಾಶಾಸನಗಳನ್ನು ಯಂತ್ರದ ಸಹಾಯದಿಂದ ಅಕ್ಷರ ಅಕ್ಷರವಾಗಿ ಪ್ರತಿತೆಗೆಯುವ ಕೆಲಸವನ್ನು ಕೈಕೊಂಡಿದ್ದಾರೆ.

ವಾಚಕರ ಮನೆಯ ಹತ್ತಿರ ಇಂಥ ಕಲ್ಲೊಂದು ಕಂಡರೆ, ಅದನ್ನು ಕಿತ್ತು ಬೇರೆಡೆಗೆ ಸಾಗಿಸಬಾರದು. ಸ್ಥಳ ತಪ್ಪಿದರೆ ಅರ್ಧ ಅರ್ಥವೇ ತಪ್ಪುತ್ತದೆ. ಎಣ್ಣೆ, ಸುಣ್ಣ, ಬಣ್ಣ ಬಳಿಯಬಾರದು. ಮಣ್ಣನ್ನು ಬರಿಯ ನೀರಿನಿಂದಲೂ ಮೆತ್ತಗಿನ ಕುಂಚದಿಂದಲೂ ತೆಗೆಯಬಹುದು. ತಂತಿಯ ಕುಂಚವಾಗಲಿ ಆಮ್ಲವಾಗಲಿ ಸೋಕಕೂಡದು. ಆಮೇಲೆ ಛಾಯಾಚಿತ್ರ ತೆಗೆದು ರಾಜ್ಯದ ಪುರಾತತ್ತ್ವ ಇಲಾಖೆಗೆ ಒಂದು ಕಾಗದ ಬರೆಯಬೇಕು. ಚಿತ್ರವನ್ನು ನಡುಹಗಲಲ್ಲಿ ತೆಗೆದರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಏಳು ಗಂಟೆಯ ಓರೆಬಿಸಿಲು ಕಲ್ಲಿನ ಮೈಯನ್ನು ಪಕ್ಕದಿಂದ ಸವರುವಾಗ, ಹಿಂದಿನ ದಿನ ಸವೆದುಹೋಗಿದೆಯೆಂದುಕೊಂಡಿದ್ದ ಕಡೆಯಲ್ಲಿ ಅಕ್ಷರಗಳು ಒಂದೊಂದಾಗಿ ಎದ್ದುಬರುತ್ತವೆ.